ನೆಲದಜ್ಜನ ಮೂರು ಹೂಂ

ಬೀಯುನ್‌ಳ ಅಪ್ಪನಿಗೆ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕನೇ ಕೀಮೋ. ಎಂಟೂಕಾಲಾದರೂ ಮುದುಕ ಯೆನ್‌ಶಾನ್, ಓಣಿಯ ತುದಿಯಲ್ಲಿ ಊರು ಕಾಯುವ ದೇವರಾದ ನೆಲದಜ್ಜನ ಗುಡಿಯಲ್ಲಿ ಮಂಡಿಯೂರಿ ಕೂತಿದ್ದ. ಗುಡಿ ಅಂದರೆ ಎಷ್ಟು ದೊಡ್ಡದು, ಇಬ್ಬರು ಕೂತರೆ ಮೂರನೆಯವನು ಉಸಿರು ಹೊರಗೇ ಬಿಟ್ಟು ಬರಬೇಕು. ರಸ್ತೆಯಲ್ಲಿ ಟ್ಯಾಕ್ಸಿಯವನು ಹಾರನ್ ಒತ್ತಿ ಒತ್ತಿ ಅರ್ಧ ತೈನಾನ್ ಊರನ್ನೇ ಎಬ್ಬಿಸಿದ್ದ.

ಹೋದ ವಾರ ರಕ್ತದಲ್ಲಿ ಬಿಳಿಕಣ ಕಡಿಮೆ ಎಂದು ಆಸ್ಪತ್ರೆಯವರು ವಾಪಸ್ ಕಳಿಸಿದ್ದರು. ಈ ವಾರ ಕಣಗಳು ಬಂದಿವೆ, ಮುದುಕ ಬರಲೊಲ್ಲ. ಇವತ್ತೂ ತಪ್ಪಿಸಿದರೆ ಇವರಿಗೆ ಔಷಧಿ ಬೇಡವೆಂದೇ ಬರೆದುಕೊಳ್ಳುತ್ತೇನೆ ಎಂದು ಡಾಕ್ಟರು ಹೇಳಿಯಾಗಿತ್ತು. ನೆಲದಜ್ಜನನ್ನು ಒಂದು ಮಾತು ಕೇಳದೆ ಹೊಸಿಲು ದಾಟುವುದಿಲ್ಲ ಎಂದು ಅಪ್ಪನ ಹಟ.

ಬೀಯುನ್‌ಗೆ ಸಾಕಾಗಿಹೋಗಿತ್ತು. ಆ ಔಷಧಿ ಹೊಕ್ಕಾಗಿನಿಂದ ತಣ್ಣಗಿನದು ಮುಟ್ಟಿದರೆ ಅಪ್ಪನ ಬೆರಳಿಗೆ ಸಾವಿರ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಅವಳು ಫ್ರಿಜ್ ಹಿಡಿಗೆ ಉಣ್ಣೆಯ ಗವಸು ತೊಡಿಸಿದಳು. ಅಪ್ಪ ಅದನ್ನು ಕಿತ್ತು ತಲೆಗೆ ಹಾಕಿಕೊಂಡ. ನಸುಕಿಗೇ ಎದ್ದು ಮೀನಿನ ಗಂಜಿ ಕಾಯಿಸಿದರೆ, ನಲವತ್ತು ವರ್ಷ ಗಂಜಿ ಅಂಗಡಿ ನಡೆಸಿದ ಬಾಯಿ ಒಂದು ಚಮಚ ರುಚಿ ನೋಡಿ, ಈ ಮೀನು ಎರಡು ಸಲ ಸತ್ತಿದೆ ಅಂದಿತು. ನಾಲಿಗೆಗೆ ಎಲ್ಲವೂ ತುಕ್ಕು ಕಬ್ಬಿಣದ ಹಾಗೆ ಅನ್ನಿಸುತ್ತದೆ ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಲಿಲ್ಲ. ಅದನ್ನು ಅವಳಿಗೆ ಹೇಳಿದ್ದು ನರ್ಸು.

ಅಪ್ಪ ಅರ್ಧಚಂದ್ರದಂಥ, ಒಂದು ಬದಿ ಚಪ್ಪಟೆ ಒಂದು ಬದಿ ಉಬ್ಬಿದ ಎರಡು ಕೆಂಪು ಮರದ ತುಂಡುಗಳನ್ನು ಎತ್ತಿದ. ಒಂದು ಮಕಾಡೆ ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಮಕಾಡೆಯಾದರೆ ಊಹೂಂ. ಎರಡೂ ಅಂಗಾತವಾದರೆ ದೇವರು ನಗುತ್ತಿದ್ದಾನೆ, ಮತ್ತೆ ಹಾಕಬೇಕು. ದೊಡ್ಡ ವಿಷಯವಾದರೆ ಸಾಲಾಗಿ ಮೂರು ಹೂಂ ಬೇಕು.

ತುಂಡುಗಳು ದಡದಡ ಉದುರಿದವು. ಎರಡೂ ಅಂಗಾತ.

"ಅದು ಕೈ ಜಾರಿ ಬಿತ್ತು, ಲೆಕ್ಕಕ್ಕಿಲ್ಲ," ಅಂದ ಅಪ್ಪ.

"ನಿನ್ನ ಬೆರಳು ಮರಗಟ್ಟಿ ಎರಡು ತಿಂಗಳಾಯ್ತಪ್ಪ. ನೀನು ಹಾಕೋದೆಲ್ಲ ಕೈ ಜಾರಿದ್ದೇ."

ಮತ್ತೆ ಹಾಕಿದ. ಊಹೂಂ. ಹೊರಗೆ ಹಾರನ್. ಬೀಯುನ್ ತಾನೂ ಮಂಡಿಯೂರಿದಳು. ಅಜ್ಜಾ, ಮೂರು ಹೂಂ ಕೊಟ್ಟುಬಿಡು, ಬೆಟ್ಟದಷ್ಟು ಕಡಲೆಬೀಜದ ಚಿಕ್ಕಿ ತಂದಿಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಳು. ಅಪ್ಪ ತುಟಿಯಲ್ಲೇ ಏನೋ ಗೊಣಗಿ ಹಾಕಿದ. ಹೂಂ. ಇನ್ನೊಮ್ಮೆ. ಹೂಂ. ಬೀಯುನ್ ಆಗಲೇ ಆಸ್ಪತ್ರೆಯ ಚೀಲವನ್ನು ಹೆಗಲಿಗೇರಿಸಿದಳು.

ಮೂರನೇ ಸಲ ಒಂದು ತುಂಡು ಅಂಗಾತ ಬಿತ್ತು, ಇನ್ನೊಂದು ಪುಟಿದು ಪೂಜೆಯ ಮೇಜಿನಡಿ ಹೋಯಿತು. ಐವತ್ತು ವರ್ಷದ ಬೀಯುನ್ ಬೂದಿಯಲ್ಲಿ ತೆವಳಿ ಒಳಗೆ ತಲೆ ತೂರಿಸಿದಳು. ಮಕಾಡೆ ಬಿದ್ದಿತ್ತು.

"ಹೂಂ ಅಪ್ಪ, ಮೂರೂ ಹೂಂ. ಏಳು, ಹೊರಡು."

ಅಪ್ಪ ಏಳಲಿಲ್ಲ.

"ಏನಂತ ಕೇಳ್ದೆ?" ಅಂದಳು ಮೇಜಿನಡಿಯಿಂದಲೇ.

"ಈ ಔಷಧಿ ಬಿಟ್ಟುಬಿಡ್ಲಾ ಅಂತ."

ಬೀಯುನ್ ಹೊರಗೆ ಬಂದಳು. ಕೂದಲ ತುಂಬ ಬೂದಿ. ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ಸರಿ. ನಿನ್ನ ದೇವರೂ ಒಪ್ಪಿದ. ನನಗೂ ಸಾಕಾಯ್ತು. ಟ್ಯಾಕ್ಸಿಯವನನ್ನ ಕಳಿಸ್ತೀನಿ, ಮನೆಗೆ ಹೋಗೋಣ."

ಅಪ್ಪ ಅವಳ ಕಡೆ ನೋಡಲಿಲ್ಲ. ಬಿಳಿ ಗಡ್ಡದ ನೆಲದಜ್ಜನನ್ನೇ ದಿಟ್ಟಿಸುತ್ತಿದ್ದ. ಅಜ್ಜ ಎಂದಿನಂತೆ ಕೆನ್ನೆ ಉಬ್ಬಿಸಿ ಮುಗುಳ್ನಗುತ್ತ ಕೂತಿದ್ದ.

"ನಲವತ್ತು ವರ್ಷ," ಅಂದ ಅಪ್ಪ, ನಿಧಾನವಾಗಿ. "ತಿಂಗಳ ಎರಡನೇ ದಿನ, ಹದಿನಾರನೇ ದಿನ, ಇವನ ಪೂಜೆ ಒಂದು ಸಲ ತಪ್ಪಿಸಿಲ್ಲ. ಅಂಗಡಿಯ ದೊಡ್ಡ ಮೀನು ಇವನಿಗೇ ಇಟ್ಟಿದ್ದೀನಿ. ಬೇಡ ಕಣೋ, ಇನ್ನೊಂದಷ್ಟು ದಿನ ಇರು ಅಂತ ಬಾಯಿಮಾತಿಗಾದರೂ ಅನ್ನಬಾರದಾ?"

"ನಾನು ನಾಲ್ಕು ತಿಂಗಳಿಂದ ಅದನ್ನೇ ಅಂತಿದ್ದೀನಲ್ಲಪ್ಪ."

"ನೀನು ಅಂತೀಯ. ನೀನು ಮಗಳು. ಇವನಿಗೇನು ಧಾಡಿ ಬಂದಿತ್ತು?"

ಮೇಜು ಹಿಡಿದು ಎದ್ದ. ಅವಳು ಕೈ ಕೊಟ್ಟರೆ ತಳ್ಳಿದ, ಮತ್ತೆ ತಾನೇ ಹುಡುಕಿ ಹಿಡಿದುಕೊಂಡ. ಈ ತಿಂಗಳು ಇವನಿಗೆ ಮೀನಿಲ್ಲ, ಬಾಲವೂ ಇಲ್ಲ ಎಂದು ಬೈಯುತ್ತ ಟ್ಯಾಕ್ಸಿಯ ಹತ್ತಿರ ಹೋಗಿ ನಿಂತ.

"ಬಾಗಿಲು ನೀನು ತೆಗಿ. ಹಿಡಿ ತಣ್ಣಗಿರುತ್ತೆ."

ತೆಗೆದಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಆ ಎರಡು ತುಂಡುಗಳಲ್ಲಿ ಒಂದನ್ನು ಅಪ್ಪನಿಗೂ ಒಂದನ್ನು ದೇವರಿಗೂ ಬೀಸಿ ಹೊಡೆಯುವಷ್ಟು ಸಿಟ್ಟಿತ್ತು. ಇವತ್ತಿನದು ಬಿಟ್ಟು ಇನ್ನೂ ಎರಡು ಕೀಮೋ ಬಾಕಿ. ಇನ್ನೆಷ್ಟು ದೇವರ ಜೊತೆ ಈ ಮುದುಕನ ಜಗಳ ಬಾಕಿಯೋ.

ಟ್ಯಾಕ್ಸಿ ಆಸ್ಪತ್ರೆಯ ಕಡೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕೇಳಿದ, "ಆ ಗಂಜಿ ತಂದಿದ್ದೀಯಾ?"

"ತಂದಿದ್ದೀನಿ."

"ಹಾಳಾಗಿ ಹೋಗ್ಲಿ," ಅಂದು, ಮರಗಟ್ಟಿದ ಕೈಯನ್ನು ಡಬ್ಬಿಗಾಗಿ ಚಾಚಿದ.