ಪೂಜೆಗೆ ಕೂತ ಸರ್ವರ್

ಆಯುಧಪೂಜೆಯ ದಿನ ಯಲಹಂಕದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶಿಲ್ಪಳೊಬ್ಬಳಿಗೇ ಕೆಲಸ ಮುಗಿದಿರಲಿಲ್ಲ. ಇಲ್ಲಿಯ ರೋಗಿಗಳ ವಿವರವೆಲ್ಲ ಹೆಬ್ಬಾಳ ಶಾಖೆಯ ಸರ್ವರ್ ಯಂತ್ರಕ್ಕೂ ತಾನಾಗಿ ನಕಲಾಗುವಂತೆ ಪೂಜೆಗೆ ಮೊದಲೇ ಜೋಡಿಸಬೇಕಿತ್ತು. ಅದಕ್ಕೆ ಡೇಟಾಬೇಸಿನ ಪಾಸ್‌ವರ್ಡ್ ಕೊಡಬೇಕು. ಪೂಜೆಯಾಯಿತೋ, ಯಂತ್ರಕ್ಕೆ ವಿಶ್ರಾಂತಿ. ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ.

“ಪಾಸ್‌ವರ್ಡ್ ಅಲ್ಲೇ ಟೈಪ್ ಮಾಡಿ ಮುಗ್ಸಮ್ಮ. ಅದೇನ್ ಒಡವೇನಾ ಬಚ್ಚಿಡೋಕೆ?” ಎಂದರು ಮ್ಯಾನೇಜರ್ ಯೋಗಾನಂದ, ಬೂದುಗುಂಬಳಕಾಯಿ ಹಿಡಿದುಕೊಂಡು.

“ಅಲ್ಲೇ ಬರೆದ್ರೆ ಸ್ಕ್ರೀನ್ ನೋಡಿದೋರಿಗೆಲ್ಲ ಕಾಣ್ಸುತ್ತೆ ಸರ್. ಸ್ವಲ್ಪ ಟೈಮ್ ಕೊಡಿ.”

“ನೋಡೋರ್ ಯಾರಮ್ಮ, ನಾವೇ ತಾನೆ?”

ನಾವೇ ತಾನೆ! ಅವಳಿಗೆ ಭಯವಿದ್ದದ್ದೇ ನಮ್ಮವರದು. ಆ ಪಾಸ್‌ವರ್ಡ್ ಸಿಕ್ಕವರು ಇಡೀ ಡೇಟಾಬೇಸನ್ನೇ ನಕಲಿಳಿಸಿಕೊಳ್ಳಬಹುದು. ಮಕ್ಕಳಾಗಲಿಲ್ಲವೆಂದು ಶಿಲ್ಪ ಗುಟ್ಟಾಗಿ ಮಾಡಿಸಿಕೊಂಡ ಪರೀಕ್ಷೆಯ ವರದಿಯೂ ಅದರಲ್ಲೇ ಇತ್ತು. ಜಕ್ಕೂರಿನಲ್ಲಿರುವ ಅತ್ತೆ ಮುನಿಗಂಗಮ್ಮನ ಕಿವಿಗೆ ಬಿದ್ದರೆ ಮುಗಿಯಿತು ಕಥೆ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಅವಳು ಹಟ ಬಿಡಲಿಲ್ಲ. ಪಾಸ್‌ವರ್ಡನ್ನು ಗೂಢಲಿಪಿಗೆ ಇಳಿಸಿ ಬೇರೆಡೆ ಇಟ್ಟಳು. ನಕಲು ಶುರುಮಾಡುವ ಆಜ್ಞೆಯ ಸಾಲಿನಲ್ಲಿ ಪಾಸ್‌ವರ್ಡಿನ ಬದಲು ಅದಕ್ಕೆ ತಾನಿಟ್ಟ ಹೆಸರನ್ನಷ್ಟೇ ಬರೆದಳು. ಪುರೋಹಿತರು ಗಡಿಯಾರ ನೋಡಿದ್ದೇ ನೋಡಿದ್ದು. ಪಾಪ, ಅವರಿಗೆ ಇನ್ನೂ ಎಷ್ಟೋ ಅಂಗಡಿ ಬಾಕಿಯಿದ್ದವು.

ಅಂತೂ ನಕಲು ಶುರುವಾಯಿತು, ಹಿಂದೆಯೇ ಮಂಗಳಾರತಿಯೂ ಆಯಿತು. ವಿಭೂತಿ, ಕುಂಕುಮ, ಚೆಂಡುಹೂವಿನ ನಡುವೆ ಅವಳು ಬರೆದ ಸಾಲುಗಳು ಪರದೆಯ ಮೇಲೆ ಹಾಗೇ ಇದ್ದವು. ಮುಚ್ಚಲು ಕೈ ಚಾಚಿದರೆ, “ಮುಟ್ಬೇಡ ಕಣಮ್ಮ, ಪೂಜೆ ಆಗೋಯ್ತು!” ಎಂದು ಯೋಗಾನಂದ ಗದರಿದರು. ರಿಸೆಪ್ಶನಿನ ಹರ್ಷಿತಾ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿಯೂಬಿಟ್ಟಳು.

ಕಡ್ಲೆಪುರಿ ಮೆಲ್ಲುತ್ತ ಆ ಫೋಟೊ ನೋಡುತ್ತಿದ್ದ ಯೋಗಾನಂದ ಇದ್ದಕ್ಕಿದ್ದಂತೆ ಎದ್ದು ಶಿಲ್ಪಳ ಹತ್ತಿರ ಬಂದರು. ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿದ್ದರು. ಪರದೆಯ ಒಂದೊಂದು ಅಕ್ಷರವೂ ಓದುವ ಹಾಗಿತ್ತು.

“ಪಾಸ್‌ವರ್ಡ್ ಇದ್ರಲ್ಲಿಲ್ಲ ತಾನೆ?”

“ಇಲ್ಲ ಸರ್.”

ಅವರು ಕುರ್ಚಿ ಎಳೆದುಕೊಂಡು ಕೂತರು. “ಅಬ್ಬಾ! ನನ್ ಮಾತು ಕೇಳಿದ್ರೆ ಊರೆಲ್ಲ ಓದೋದು. ಅದ್ಯಾಕಮ್ಮ ಅಷ್ಟು ಹಟ ಹಿಡ್ದೆ?”

ಏನಾದರೊಂದು ನೆಪ ಹೇಳಬಹುದಿತ್ತು. ಆದರೆ ಬಚ್ಚಿಟ್ಟು ಬಚ್ಚಿಟ್ಟು ಶಿಲ್ಪಳಿಗೂ ಸಾಕಾಗಿತ್ತು.

“ಅದ್ರಲ್ಲಿ ನನ್ ರಿಪೋರ್ಟೂ ಇದೆ ಸರ್. ಮನೇಲಿ ಗೊತ್ತಿಲ್ಲ.”

ಯೋಗಾನಂದ ಏನು ಎತ್ತ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಪುರಿಯನ್ನು ಮೇಜಿನ ಮೇಲಿಟ್ಟರು.

“ನನ್ ಮಗಳ್ದೂ ಇದೆ ಕಣಮ್ಮ,” ಎಂದರು ತಗ್ಗಿದ ದನಿಯಲ್ಲಿ. “ಮುಂದಿನ್ ತಿಂಗ್ಳು ಅವಳ ಮದ್ವೆ. ಈ ಫೋಟೊ ನೋಡೋವರ್ಗೂ ನಂಗದು ಹೊಳೀಲೇ ಇಲ್ಲ ನೋಡು.”