ಹೊನ್ನೆಕಟ್ಟೆಯ ಒಂದೇ ಬೀಗ

ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಕೆರೆಯಾಚೆಯ ಗಿಳಿಯ ಹೊಟ್ಟೆಯಲ್ಲಿರುತ್ತದೆ. ಹೊನ್ನೆಕಟ್ಟೆ ಪಟ್ಟಣ ಪಂಚಾಯಿತಿಯ ಪ್ರಾಣ ಒಂದು ಹಳದಿ ಬೀಗದಲ್ಲಿತ್ತು. ಕಾರಿನ ಚಕ್ರವನ್ನು ಏಡಿಯ ಹಾಗೆ ಕಚ್ಚಿ ಹಿಡಿಯುವ, ಎತ್ತಲು ಎರಡೂ ಕೈ ಬೇಕಾಗುವ ಬೀಗ. ಅಂಥದ್ದು ಊರಿಗೆಲ್ಲ ಒಂದೇ.

ಒಂದೇ ಯಾಕೆ ಎನ್ನುವುದಕ್ಕೂ ಕಥೆಯಿದೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ಹತ್ತು ನಿಮಿಷ ನಿಂತು ಉಸಿರು ಬಿಡುವ ಈ ಊರಿನ ಸರ್ಕಲ್ಲಿನಲ್ಲಿ, ಗಾಡಿ ನಿಲ್ಲಿಸುವವರಿಂದ ಶುಲ್ಕ ಎತ್ತಬೇಕೆಂದು ಪಂಚಾಯಿತಿ ಠರಾವು ಮಾಡಿತು. ಬೈಕಿಗೆ ಹತ್ತು ರೂಪಾಯಿ, ಕಾರಿಗೆ ಇಪ್ಪತ್ತು. ಚೀಟಿ ಪಡೆಯದ ಕಾರಿನ ಚಕ್ರಕ್ಕೆ ಬೀಗ, ಬಿಡಿಸಿಕೊಳ್ಳಲು ಐನೂರು ದಂಡ. ದೊಡ್ಡ ಊರುಗಳಲ್ಲಿ ಇದನ್ನೆಲ್ಲ ಹೇಗೆ ನಡೆಸುತ್ತಾರೆಂದು ತಿಳಿಯಲು ಹನ್ನೊಂದು ಮಂದಿ ಸದಸ್ಯರು ಐದು ದಿನ ಗೋವಾಕ್ಕೆ ಅಧ್ಯಯನ ಪ್ರವಾಸ ಹೋದರು. ಅಲ್ಲಿ ಸಮುದ್ರ ಎಲ್ಲಿ ನಿಂತಿದೆ ಎಂಬುದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ ಮರಳಿದರು. ಹನ್ನೆರಡು ಬೀಗಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಉಳಿದದ್ದು ಒಂದಕ್ಕೆ ಸಾಕಾಯಿತು.

ಆ ಒಂದಕ್ಕೇ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದು, ಅಧ್ಯಕ್ಷ ಚನ್ನೇಶ್ ಮುಕ್ಕಾಲು ಗಂಟೆ ಮಾತಾಡಿದರು. ಶಿಸ್ತು ಎಂಬ ಪದ ಎಷ್ಟು ಸಲ ಬಂತೋ ಎಣಿಸಿದವರಿಲ್ಲ. ಅವರ ಬಿಳಿ ಕಾರು ಅಷ್ಟು ಹೊತ್ತೂ ದರಪಟ್ಟಿಯ ಬೋರ್ಡಿಗೆ ಬೆನ್ನು ಕೊಟ್ಟು ರಸ್ತೆಗೆ ಅಡ್ಡಲಾಗಿ ನಿಂತಿತ್ತು.

ಬೀಗ, ಅದರ ಕೀಲಿ ಮತ್ತು ಚೀಟಿ ಪುಸ್ತಕ ಶಶಿರೇಖಾಳ ಕೈಗೆ ಬಂದವು. ಕುಪ್ಪಗಡ್ಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಆರು ವರ್ಷ ಶುಂಠಿ ಕಣದಲ್ಲಿ ನೀರೊಳಗೆ ನಿಂತು ಶುಂಠಿ ತೊಳೆದು, ಬೆರಳ ಸಂದಿಯ ಚರ್ಮ ಸುಲಿದು, ಅನ್ನ ಕಲಸಿದರೆ ಉರಿಯುತ್ತಿತ್ತು. ಈ ಕೆಲಸ ಮೂರು ತಿಂಗಳ ಗುತ್ತಿಗೆಯದು. ಮುಖ್ಯಾಧಿಕಾರಿ ಸುರೇಂದ್ರ ಕೊಟ್ಟ ಆದೇಶದ ಕೊನೆಯಲ್ಲಿ ಒಂದು ಷರತ್ತಿತ್ತು: ಅವಧಿ ಮುಗಿಯುವುದರೊಳಗೆ ಇಪ್ಪತ್ತು ಸಾವಿರ ವಸೂಲಾದರೆ ಇನ್ನೊಂದು ವರ್ಷ ಕೆಲಸ, ಇಲ್ಲವಾದರೆ ಮನೆಗೆ. ಮನೆಗೆ ಎಂದರೆ ಮತ್ತೆ ಕಣಕ್ಕೆ.

ಮೊದಲ ಮೂರು ವಾರ ಊರು ಹೆದರಿತು. ಬೀಗ ನೋಡಿದ ಕೂಡಲೇ ಕೈ ಜೇಬಿಗೆ ಹೋಗುತ್ತಿತ್ತು. ಹದಿನಾರು ಸಾವಿರ ಸಲೀಸಾಗಿ ಬಂತು. ಅಷ್ಟರಲ್ಲಿ ಗೊಬ್ಬರದಂಗಡಿ ಸುಬ್ಬಪ್ಪನಿಗೆ ಜ್ಞಾನೋದಯವಾಯಿತು.

ಸುಬ್ಬಪ್ಪನ ಹಿತ್ತಲಲ್ಲಿ ಎಂಜಿನ್ ಇಲ್ಲದ ಹಳೆಯ ವ್ಯಾನೊಂದಿತ್ತು. ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಒಂದು ಬೆಳಿಗ್ಗೆ ನಾಲ್ಕು ಆಳು ಹಚ್ಚಿ, ಕೋಳಿಯನ್ನು ಇಳಿಸಿ, ವ್ಯಾನನ್ನು ತಳ್ಳಿಸಿಕೊಂಡು ಬಂದು ಸರ್ಕಲ್ಲಿನ ನಟ್ಟನಡುವೆ ನಿಲ್ಲಿಸಿದ. ಚೀಟಿ ಪಡೆಯಲಿಲ್ಲ. ಶಶಿರೇಖಾ ನಿಯಮದಂತೆ ಬೀಗ ಜಡಿದಳು. ಸುಬ್ಬಪ್ಪ ಕೈಕಟ್ಟಿ ನಿಂತು ನೋಡಿದ.

"ಚಂದಾಗಿ ಹಾಕವ್ವ. ಭದ್ರ ಆತೇನು, ಒಂದ್ಸಲ ಎಳ್ದು ನೋಡು."

"ಐನೂರು ಕಟ್ಟಿ ಬಿಡಿಸ್ಕಳಿ ಸುಬ್ಬಪ್ಪಣ್ಣ."

"ಯಾರಿಗೈತಿ ಅವಸರ? ನಮ್ಮ ಗಾಡಿ ಇಲ್ಲೇ ಸುಖವಾಗಿರ್ತೈತಿ."

ಅವಳಿಗೆ ವಿಷಯ ಹೊಳೆಯುವ ಹೊತ್ತಿಗೆ ಸುತ್ತ ಹತ್ತು ಕಾರು ಬಂದು ನಿಂತಿದ್ದವು. ಚೀಟಿ ಎಂದರೆ, "ಹಾಕಮ್ಮ ಬೀಗ, ಎಲ್ಲೈತಿ ತೋರ್ಸು" ಎಂದು ನಕ್ಕರು. ಕಾರಿನವರನ್ನು ನೋಡಿ ಬೈಕಿನವರೂ ನಕ್ಕರು. ದಂಡ ಕಟ್ಟದೆ ಬೀಗ ತೆಗೆಯುವ ಹಾಗಿಲ್ಲ, ಸುಬ್ಬಪ್ಪ ಕಟ್ಟುವುದಿಲ್ಲ. ಹೋಟೆಲಿನ ವರದಮ್ಮ ಶುಕ್ರವಾರ ವ್ಯಾನಿನ ನೆತ್ತಿಗೆ ದಾಸವಾಳ ಇಟ್ಟು, "ನಮ್ಮಪ್ಪಾ ವ್ಯಾನಪ್ಪ, ಊರನ್ನೆಲ್ಲ ಕಾಯ್ತಿದೀಯ" ಎಂದು ಕೈಮುಗಿದಳು. ಕೇರಿಗೆಲ್ಲ ಅದೇ ಮಾತಾಯಿತು.

ಶಶಿರೇಖಾ ಸುರೇಂದ್ರನ ಎದುರು ಹೋಗಿ ನಿಂತಳು.

"ಸಾರ್, ಆ ಬೀಗ ಒಂದು ತೆಗೆಯಕ್ಕೆ ಅಪ್ಪಣೆ ಕೊಡಿ."

"ದಂಡ ವಸೂಲಾಗದೆ ತೆಗೆದ್ರೆ ಆಡಿಟ್‌ನಲ್ಲಿ ಬರುತ್ತಮ್ಮ."

"ಹಂಗಾದ್ರೆ ಇನ್ನೊಂದು ಬೀಗ ಕೊಡ್ಸಿ."

"ಪ್ರಸ್ತಾವನೆ ಕಳಿಸಿದೀನಿ. ಇರೋ ಬೀಗ ಪೂರ್ತಿ ಬಳಕೆಯಲ್ಲಿದೆಯಾ ಅಂತ ಕೇಳಿದಾರೆ. ಹೌದು ಅಂತ ಬರೆದಿದೀನಿ. ಬಳಕೆಯಲ್ಲೇ ಇದೆಯಲ್ಲ?"

"ಅಯ್ಯ, ಹಗ್ಲೂ ರಾತ್ರಿ ಬಳಕೆಯಲ್ಲಿದೆ ಮಾರಾಯ್ರೆ" ಎಂದು ಅವಳು ಹೊರಬಂದಳು. ಇಷ್ಟು ಓದಿದವರ ತಲೆಯಲ್ಲಿ ಇಷ್ಟು ಜಾಗ ಖಾಲಿಯಿರುವಾಗ ಅಲ್ಲೇ ನಾಲ್ಕು ಕಾರು ನಿಲ್ಲಿಸಬಹುದಿತ್ತು ಎನಿಸಿತು ಅವಳಿಗೆ.

ವಸೂಲಿ ಹದಿನಾರು ಸಾವಿರದಲ್ಲೇ ನಿಂತು, ಗುತ್ತಿಗೆ ಮುಗಿಯಲು ಎಂಟು ದಿನ ಉಳಿದಾಗ ಶಶಿರೇಖಾ ತನ್ನ ಸಂಬಳದಿಂದಲೇ ಐನೂರು ತೆಗೆದು ಕಚೇರಿಯಲ್ಲಿ ಕಟ್ಟಿದಳು. ಸುಬ್ಬಪ್ಪನ ಹೆಸರಿನ ರಸೀದಿ ಹರಿಸಿಕೊಂಡು ಬಂದು ಅವನ ಅಂಗಡಿಯ ಕಟ್ಟೆಯ ಮೇಲಿಟ್ಟಳು.

"ನಿಮ್ಮ ದಂಡ ಕಟ್ಟಿದೀನಿ ಅಣ್ಣ. ವ್ಯಾನಪ್ಪನ್ನ ಮನೆಗೆ ಕರ್ಕಂಡು ಹೋಗಿ."

ಅವಳು ಬೀಗ ಬಿಚ್ಚಿ ಮಗುವಿನ ಹಾಗೆ ಎದೆಗವಚಿಕೊಂಡು ಸರ್ಕಲ್ಲು ದಾಟಿದಳು. ವರದಮ್ಮನ ಹೋಟೆಲಿನಿಂದ ಕಾರಿನವರು ದೋಸೆ ಬಿಟ್ಟು ಎದ್ದು ಓಡಿದರು. ದರಪಟ್ಟಿಯ ಬೋರ್ಡಿನ ಕೆಳಗೆ ಒಂದು ಬಿಳಿ ಕಾರು ಮಾತ್ರ ಅಲ್ಲಾಡದೆ ನಿಂತಿತ್ತು. ಅದಕ್ಕೆ ಬೀಗದ ಭಯ ಯಾವತ್ತೂ ಇರಲಿಲ್ಲ. ತಲೆಯನ್ನೇ ಹಿಡಿದರೆ ಬಾಲ ತಾನಾಗಿ ಬರುತ್ತದೆ ಎಂದುಕೊಂಡು ಅವಳು ಅದರ ಮುಂದಿನ ಚಕ್ರಕ್ಕೆ ಬೀಗ ಕಚ್ಚಿಸಿದಳು.

ಕೈ ಒರೆಸಿಕೊಳ್ಳುತ್ತ ಬಂದ ಚನ್ನೇಶ್ ಒಂದು ಗಳಿಗೆ ಚಕ್ರವನ್ನು ನೋಡಿದರು, ಒಂದು ಗಳಿಗೆ ಅವಳನ್ನು ನೋಡಿದರು.

"ಯಾರ ಗಾಡಿ ಗೊತ್ತೇನಮ್ಮ ಇದು?"

"ಗೊತ್ತು ಸಾರ್. ಚೀಟಿ ಇಲ್ದಿರೋ ಗಾಡಿ."

"ಏಯ್, ಈ ಬೀಗದ ಉದ್ಘಾಟನೆ ಮಾಡಿದವನೇ ನಾನು!"

"ಹೌದು ಸಾರ್, ಕಾಯಿ ಕೊಟ್ಟವಳು ನಾನೇ. ಐನೂರು ಕಟ್ಟಿದ್ರೆ ಈಗ್ಲೇ ತೆಗಿತೀನಿ."

ಅಧ್ಯಕ್ಷರ ಜೇಬಿನಲ್ಲಿ ಐನೂರರ ನೋಟುಗಳಿಗೆ ಬರವಿರಲಿಲ್ಲ. ಆದರೆ ಊರಿನ ಕಣ್ಣೆಲ್ಲ ಆ ಜೇಬಿನ ಮೇಲೆಯೇ ಇತ್ತು. "ಅಧ್ಯಕ್ಷ ದಂಡ ಕಟ್ಟಿದ ಅಂತ ನಾಳೆ ಪೇಪರ್ನಾಗೆ ಬರ್ಲಿ ಅಂತನಾ?" ಎಂದು ಗುಡುಗಿ, ಒಬ್ಬ ಸದಸ್ಯನ ಬೈಕಿನ ಹಿಂದೆ ಕೂತು ಹೊರಟುಹೋದರು. ಮೂರು ದಿನ ಹಾಗೇ ಹಿಂದೆ ಕೂತು ತಿರುಗಿದರು. ದಂಡ ಮಾತ್ರ ಕಟ್ಟಲಿಲ್ಲ.

ಆಗ ಶಶಿರೇಖಾಳಿಗೆ ತನ್ನ ತಪ್ಪು ತಿಳಿಯಿತು. ಬೀಗ ಮತ್ತೆ ಸಿಕ್ಕಿಬಿದ್ದಿತ್ತು. ಅಧ್ಯಕ್ಷರ ಕಾರಿನ ನೆರಳಲ್ಲಿ ಊರಿನ ಕಾರುಗಳೆಲ್ಲ ಮತ್ತೆ ಪುಕ್ಕಟೆ ನಿಂತವು. ಅವಳ ಐನೂರೂ ಹೋಯಿತು.

"ಅಲ್ಲ ತಂಗಿ," ಸುಬ್ಬಪ್ಪ ಅಂಗಡಿಯಿಂದಲೇ ಕೂಗಿದ, "ಸಣ್ಣ ಗುಜರಿ ಬಿಡ್ಸಿ ದೊಡ್ಡ ಗುಜರಿಗೆ ಹಾಕ್ದಂಗಾತಲ್ಲ!"

ಆ ರಾತ್ರಿ ಅವಳು ಶುಂಠಿ ಕಣದ ಮೇಸ್ತ್ರಿಗೆ ಫೋನು ಹಚ್ಚಿ, ಅವನು ಎತ್ತುವ ಮೊದಲೇ ಇಟ್ಟಳು.

ನಾಲ್ಕನೆಯ ದಿನ ಸಂತೆ. ಅಧ್ಯಕ್ಷರಿಗೆ ಸೊರಬದಲ್ಲಿ ನೆಂಟರ ಗೃಹಪ್ರವೇಶ. ಅಲ್ಲಿಗೆ ಬೈಕಿನ ಹಿಂದೆ ಕೂತು ಹೋಗುವುದುಂಟೆ? ವೆಲ್ಡಿಂಗ್ ಅಂಗಡಿಯ ಉಚ್ಚಂಗಪ್ಪನಿಗೆ ಹೇಳಿಕಳಿಸಿದರು. ಅವನು ಟ್ರ್ಯಾಕ್ಟರಿನಲ್ಲಿ ಸಿಲಿಂಡರು ಹೇರಿಕೊಂಡು ಬಂದ. ಪೆಟ್ರೋಲು ತುಂಬಿದ ಕಾರಿನ ಹತ್ತಿರ ಬೆಂಕಿಯ ಕೆಲಸವೆಂದು ಅಗ್ನಿಶಾಮಕದ ಗಾಡಿಯನ್ನೂ ಕರೆಸಿದರು. ಅದು ಬಂದು ರಸ್ತೆಗೆ ಅಡ್ಡ ನಿಂತದ್ದೇ ತಡ, ಎರಡೂ ಕಡೆಯ ಬಸ್ಸು, ಲಾರಿ, ಸಂತೆಯ ಗಾಡಿಗಳು ಸರ್ಕಲ್ಲಿನೊಳಗೇ ಗಿಜಿಗುಟ್ಟಿದವು.

ಶಶಿರೇಖಾ ಕೀಲಿ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದಳು. "ಕೀಲಿ ಇಲ್ಲೇ ಇದೆ ಸಾರ್. ಐನೂರು."

ಉಚ್ಚಂಗಪ್ಪ ಕಣ್ಣಿನ ಕಪ್ಪು ಗಾಜನ್ನು ಹಣೆಗೇರಿಸಿದ. "ಸ್ವಾಮಿ, ಕೀಲಿ ಐತಲ್ರೀ. ನನ್ನ ಕೂಲೀನೇ ಎಂಟುನೂರು ಆಕ್ಕತಿ."

"ನೀನು ಕೊಯ್ಯಪ್ಪ!" ಎಂದರು ಚನ್ನೇಶ್.

ಅವನು ಕೊಯ್ದ. ನೀಲಿ ಬೆಂಕಿ ಸುಯ್ಯೆಂದಿತು, ಕಿಡಿ ಹಾರಿತು, ಬಿಳಿ ಬಣ್ಣ ಬೊಕ್ಕೆ ಎದ್ದು ಕರಕಾಯಿತು. ಬೀಗ ಸೀಳುವ ಮೊದಲೇ ಟಯರು ಢಮ್ಮೆಂದಿತು. ಜನ ಹೋ ಎಂದರು. ಹೋ ಎಂದದ್ದನ್ನು ಕೇಳಿ ಸಂತೆಯ ಜನವೂ ಓಡಿಬಂತು. ಬೈಕಿನವರು ಸೀಟಿನ ಮೇಲೆ ಹತ್ತಿ ನಿಂತರು. ಒಂದು ಗಾಡಿಯೂ ಹಿಂದಕ್ಕಿಲ್ಲ, ಮುಂದಕ್ಕಿಲ್ಲ.

ಆಗ ಶಶಿರೇಖಾ ಹಿಂದಿರುಗಿ ನೋಡಿದಳು. ಕಣ್ಣಿಗೆ ಕಾಣುವಷ್ಟೂ ದೂರ ನಿಂತ ಗಾಡಿ. ಚೀಟಿ ಪುಸ್ತಕ ತೆಗೆದು ಶಿಕಾರಿಪುರದ ಕಡೆಯ ತುದಿಯಿಂದ ಶುರುಮಾಡಿದಳು.

"ಚೀಟಿ ತಗಳಿ, ಹತ್ತು ರೂಪಾಯಿ."

"ಯಾಕೆ? ಬೀಗ ಎಲ್ಲೈತಿ?"

"ಅಲ್ಲಿ ಕೊಯ್ತಾ ಇದಾರಲ್ಲ, ಅದನ್ನ ನೋಡಕ್ಕೆ."

ಬೈಕಿನ ಹುಡುಗ ನಕ್ಕು ಕೊಟ್ಟ. ಪಕ್ಕದವನು ಕೇಳದೆ ಕೊಟ್ಟ. ಕಾರಿನವರು ಕಿಟಕಿಯಿಂದ ಕೈ ಚಾಚಿ ಕೊಟ್ಟರು. ಸುಬ್ಬಪ್ಪ ತನ್ನ ಹೊಸ ಕಾರಿಗೆ ಇಪ್ಪತ್ತು ಕೊಟ್ಟು, "ಐವತ್ತು ಮಾಡಿದ್ರೂ ನಷ್ಟಿಲ್ಲ ಬಿಡವ್ವ ಇವತ್ತು" ಎಂದ. ಬೀಗಕ್ಕೆ ಹೆದರದ ಊರು ಅಧ್ಯಕ್ಷರ ಮುಖ ನೋಡಲು ನೋಟು ಬಿಚ್ಚಿತು. ಬೀಗ ಎರಡು ತುಂಡಾಗಿ ಬೀಳುವ ಹೊತ್ತಿಗೆ ಚೀಟಿ ಪುಸ್ತಕ ಮೂರು ಮುಗಿದಿದ್ದವು.

ಗುತ್ತಿಗೆಯ ಕೊನೆಯ ದಿನ ಸುರೇಂದ್ರ ಹಣವನ್ನು ಎರಡು ಸಲ ಎಣಿಸಿದ. ಇಪ್ಪತ್ತು ಸಾವಿರದ ಏಳುನೂರ ಹತ್ತು. ಆದೇಶದ ಹಾಳೆಯನ್ನು ಮುಂದೆ ನೋಡಿದ, ತಿರುವಿ ಹಿಂದೆ ನೋಡಿದ. ಬೀಗ ಹಾಳಾದರೆ ಕೆಲಸ ಇಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಪೆನ್ನು ತೆಗೆಯುವಷ್ಟರಲ್ಲಿ ಚನ್ನೇಶ್ ಒಳಗೆ ನುಗ್ಗಿದರು.

"ಇವಳಿಗೆ ಮುಂದುವರಿಕೆಯಾ? ಬೀಗಾನೇ ಇಲ್ಲ, ಇಪ್ಪತ್ತು ಸಾವಿರ ಹೆಂಗಾತು ಅಂತೀನಿ!"

"ನಿಮ್ಮಿಂದ್ಲೇ ಸಾರ್," ಎಂದಳು ಶಶಿರೇಖಾ ಕೈಮುಗಿದು. "ಒಂದೇ ಮಧ್ಯಾಹ್ನ ನಾಲ್ಕು ಸಾವಿರದ ಮೇಲಾಯ್ತು. ತಿಂಗಳಿಗೊಂದ್ಸಲ ಬಂದು ನಿಂತ್ಕಂಡ್ರೆ ಸಾಕು, ಬೇರೆ ಬೀಗ ತರ್ಸೋದು ಬ್ಯಾಡ."

ಸುರೇಂದ್ರ ನಗು ತಡೆಯಲು ತಲೆ ತಗ್ಗಿಸಿ ಸಹಿ ಮಾಡಿದ. ಆಮೇಲೆ ಮೊಹರನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದ.