ಬಾನೆಟ್ಟಿನ ಕೆಳಗಿನ ತೇಪೆ

ಕಾರು ಕೊಳ್ಳಲು ಆದ ಖರ್ಚು ಅವಳ ಎರಡು ವರ್ಷದ ಸಂಬಳದಷ್ಟು. ಅದನ್ನು ಲಾರಿಯ ಮೇಲೆ ಹೇರಿಕೊಂಡು ಬಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿದ್ದಕ್ಕೆ ಒಂದು ತಿಂಗಳ ಮನೆಖರ್ಚು. ಮುಂದಿನ ಗಾಜಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿಗೆ, ಬರೀ ರಬ್ಬರ್ ಪಟ್ಟಿಗೆ, ಒಂದು ಫ್ರಿಜ್ಜಿನ ಬೆಲೆ. ಡಿಕ್ಕಿಯ ಮೇಲೆ ಅಂಟಿಸುವ ಅಂಗೈಯಗಲದ ಬಿಲ್ಲೆಗೆ ಅವಳ ಒಂದು ಜೊತೆ ಓಲೆ. ಇಷ್ಟನ್ನು ಗಂಡ ಖರ್ಚೆಂದು ಒಪ್ಪಿಕೊಳ್ಳುತ್ತಿದ್ದ. ಒಪ್ಪದ ಖರ್ಚುಗಳೂ ಇದ್ದವು. ಬಣ್ಣ ಹಚ್ಚಿದ ಬಿಡಿಭಾಗಗಳನ್ನು ಅವನು ಅಡುಗೆಮನೆಯ ಓವನ್ನಿನಲ್ಲಿಟ್ಟು ಒಣಗಿಸಿದ ಮೇಲೆ ಅದರಲ್ಲಿ ಬೇಯಿಸಿದ್ದಕ್ಕೆಲ್ಲ ಟಯರಿನ ರುಚಿ. ಕಾರ್ಬುರೇಟರ್ ಕುದಿಸಿದ ದೊಡ್ಡ ಪಾತ್ರೆಯನ್ನು ಆಮೇಲೆ ಗಿಡಕ್ಕೆ ನೀರು ಹಾಕಲೂ ಬಳಸುವ ಹಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಮೂಗು.

ಮೂಗಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ. ರಕ್ತ, ಕೀವು, ವಾಂತಿ, ಹೇಳಬಾರದ ಮತ್ತೆಲ್ಲವೂ ಗಂಟು ಕಟ್ಟಿಕೊಂಡು ದಿನಾ ಅವಳ ಮುಂದೆ ಬಂದು ಬೀಳುತ್ತಿದ್ದವು. ಅವಳು ಒಮ್ಮೆಯೂ ಮೂಗು ಮುಚ್ಚಿದವಳಲ್ಲ. ಕಾಯಿಲೆಯವರ ಹೊಲಸಿಗೆ ಹೇಸಬಾರದು, ಅವರೇನು ಬೇಕೆಂದು ಮಾಡಿಕೊಂಡದ್ದಲ್ಲ ಎನ್ನುವುದು ಅವಳ ನಿಲುವು. ಆ ಕೆಲಸದಲ್ಲಿ ಅವಳಿಗೆ ಹೇಸಿಗೆ ಅನ್ನಿಸುತ್ತಿದ್ದದ್ದು ಒಂದೇ: ಮಗುಚಿ ಹಾಸುವುದು. ಕೊಳೆಯಾದ ಹಾಸುಬಟ್ಟೆಯನ್ನು ಒಗೆಯಲು ಹಾಕದೆ ತಿರುವಿ, ಕಲೆಯ ಮಗ್ಗುಲನ್ನು ಅಡಿಗೆ ಮಾಡಿ, ಬಿಳಿ ಮಗ್ಗುಲನ್ನು ಮೇಲೆ ಎಳೆದು ಮುಂದಿನ ರೋಗಿಯನ್ನು ಮಲಗಿಸಿಬಿಡುವ ಸೋಮಾರಿಗಳು ಎಲ್ಲ ವಾರ್ಡಿನಲ್ಲೂ ಒಬ್ಬಿಬ್ಬರು ಇರುತ್ತಿದ್ದರು. ಅಂಥವರು ಸಿಕ್ಕಿಬಿದ್ದರೆ ಅವಳು ಕಣ್ಣೀರಿಗೂ ಕರಗುತ್ತಿರಲಿಲ್ಲ, ಶಿಫಾರಸಿಗೂ ಜಗ್ಗುತ್ತಿರಲಿಲ್ಲ.

ಅಂಥವಳು ಕಾರು ಬಂದ ದಿನ ಅದರ ಬಾಗಿಲು ತೆಗೆದು, ಮೂಗಿಗೆ ಸೆರಗು ಹಿಡಿದು ಮೂರು ಹೆಜ್ಜೆ ಹಿಂದೆ ಬಂದಳು. ಸೀಟಿನ ಹೊಟ್ಟೆಯೊಳಗೆ ಇಲಿಗಳು ತಲೆತಲಾಂತರದಿಂದ ಸಂಸಾರ ಮಾಡಿದ್ದವು. ಕುದುರೆಕೂದಲು ತುಂಬಿದ ಮೆತ್ತೆ ಅವುಗಳ ಉಚ್ಚೆಯಲ್ಲಿ ನೆನೆದು, ಒಣಗಿ, ಮತ್ತೆ ನೆನೆದು ಹಪ್ಪಳದಂತೆ ಗಟ್ಟಿಯಾಗಿತ್ತು. ಕಾಲಡಿಯ ರತ್ನಗಂಬಳಿ ಎತ್ತಿದರೆ ಅದರ ಜೊತೆಗೆ ನೆಲವೂ ಎದ್ದು ಬಂತು. ತುಕ್ಕು ಪದರ ಪದರವಾಗಿ, ಗಾಯದ ಹಕ್ಕಳೆಯ ಹಾಗೆ ಉದುರುತ್ತಿತ್ತು. ಅದರಡಿಯಲ್ಲಿ ಬಿಳಿಯ ಹುಳುಗಳು. ಗಂಡ ಮಾತ್ರ ಅದೇ ಸೀಟಿನಲ್ಲಿ ಕೂತು, ಸ್ಟೀರಿಂಗ್ ಹಿಡಿದು, ಮದುಮಗನಂತೆ ನಗುತ್ತಿದ್ದ.

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಬಾವಿಯಂಥ ಗೂಡಿನಲ್ಲಿ ತಂತಿಗೆ ನೇತಾಡಿಕೊಂಡು, ಮೇಲೆ ಕೆಳಗೆ ಬಿಟ್ಟರೆ ಎಲ್ಲೂ ಹೋಗದ ಪೆಟ್ಟಿಗೆಗಳನ್ನು ಸರಿಮಾಡುವವನಿಗೆ ನೇರವಾಗಿ, ವೇಗವಾಗಿ ಎಲ್ಲಾದರೂ ಹೋಗುವ ಒಂದು ಪೆಟ್ಟಿಗೆ ಬೇಕೆನಿಸಿದ್ದರೆ ತಪ್ಪೇನಿಲ್ಲ ಎಂದು ಅವಳೇ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಕೊಂಡದ್ದು ಜರ್ಮನಿಯ ಹಳೆಯ ನಾಲ್ಕು ಬಾಗಿಲಿನ ಕಾರು. ಆ ಅಚ್ಚಿನ ಸಾದಾ ಕಾರುಗಳು ಲೆಕ್ಕವಿಲ್ಲದಷ್ಟು ತಯಾರಾಗಿದ್ದವು. ಅದೇ ಮೈಗೆ ದೊಡ್ಡ ಇಂಜಿನ್ನು, ಬೇರೆ ಬ್ರೇಕು ಜೋಡಿಸಿ ಸ್ಪೋರ್ಟ್ಸ್ ಸಲೂನ್ ಎಂದು ಮಾಡಿದ್ದು ಮಾತ್ರ ಬೆರಳೆಣಿಕೆಯಷ್ಟು. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ. ಇಂಜಿನ್ನು, ಬ್ರೇಕು ಯಾರು ಬೇಕಾದರೂ ಬದಲಾಯಿಸಬಹುದು. ಬಾನೆಟ್ಟಿನ ಕೆಳಗೆ ಮೈತಗಡಿನಲ್ಲೇ ಒತ್ತಿದ ನಂಬರ್ ಮಾತ್ರ ಸುಳ್ಳು ಹೇಳುವುದಿಲ್ಲ. ಈ ಕಾರಿನದು ಸ್ಪೋರ್ಟ್ಸ್ ಸಲೂನಿನ ನಂಬರು. ಹಾಗಾಗಿಯೇ ಅಷ್ಟು ಬೆಲೆ.

ಅಂದಿನಿಂದ ಮನೆಯಲ್ಲಿ 'ಮೂಲ' ಎಂಬ ಮಾತು ಹೊಕ್ಕಿತು. ಸ್ಕ್ರೂ ಮೂಲದ್ದೇ ಆಗಬೇಕು, ಬಲ್ಬು ಮೂಲದ್ದೇ ಆಗಬೇಕು. ಚೆನ್ನಾಗಿರುವ ಹೊಸ ವೈಪರನ್ನು ಬಿಸಾಡಿ, ಎಲ್ಲಿಂದಲೋ ಸವೆದ ಹಳೆಯದನ್ನು ತರಿಸಿ, ಇದು ಮೂಲ ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಸ್ಪತ್ರೆಯಲ್ಲಿ ಯಾರಾದರೂ ನಿಮ್ಮನೆಯವರು ಹೇಗಿದ್ದಾರೆ ಎಂದು ಕೇಳಿದರೆ ಅವಳು, ಇನ್ನೇನು, ಮೂಲ ಹಿಡಿದಿದೆ, ಕೂತಲ್ಲಿ ಕೂರಲ್ಲ ಅನ್ನುತ್ತಿದ್ದಳು. ಹೊಸ ನರ್ಸೊಬ್ಬಳು ನಿಜವೆಂದುಕೊಂಡು ಮುಲಾಮು ತಂದುಕೊಟ್ಟಳು. ಕಾರಿನ ರತ್ನಗಂಬಳಿಯನ್ನು ಆಸ್ಪತ್ರೆಯ ಮೆಷಿನ್ನಿಗೆ ಹಾಕಿಕೊಡು ಎಂದು ಗಂಡ ಗೋಗರೆದಾಗ, ಅಲ್ಲಿ ಮರ್ಯಾದಸ್ಥ ಕಾಯಿಲೆಗಳಿಗೆ ಮಾತ್ರ ಜಾಗ ಎಂದು ಕಳಿಸಿದಳು.

ನಾಲ್ಕು ವರ್ಷ ಹೀಗೇ ನಡೆಯಿತು. ಎರಡನೆಯ ವರ್ಷದ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರು ಗಂಟುಬಿದ್ದರು. ಯಾರ ಬಾಯಿಂದಲೋ ಕಾರಿನ ವಿಷಯ ಕೇಳಿ ನೋಡಲು ಬಂದವರು, ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಶೆಡ್ಡಿನಲ್ಲಿ ಬಣ್ಣದ ಡಬ್ಬ ಬೋರಲು ಹಾಕಿಕೊಂಡು ಕೂರುವರು, ಅವಳನ್ನು ಅಕ್ಕ ಎನ್ನುವರು, ಅವನನ್ನು ಭಾವ. ಗಂಡ ತುಕ್ಕು ತಿಂದ ತೂತುಗಳಿಗೆ ಹೊಸ ತಗಡು ಕೂರಿಸಿ, ಮೇಲೆ ಪುಟ್ಟಿ ಮೆತ್ತುತ್ತಿದ್ದ. ಬೇಗ ಗಟ್ಟಿಯಾಗಲಿ ಎಂದು ಅದಕ್ಕೆ ಬೆರೆಸುವ ಕೆಂಪು ಮದ್ದನ್ನು ಯಾವಾಗಲೂ ಒಂದು ಕೈ ಹೆಚ್ಚೇ ಸುರಿಯುತ್ತಿದ್ದುದರಿಂದ ಅವನ ಪುಟ್ಟಿ ಎದ್ದುಕಾಣುವ ಗುಲಾಬಿ ಬಣ್ಣ. "ಭಾವ, ಇದು ಪುಟ್ಟಿನಾ, ವಸಡಾ?" ಎಂದು ಡಾಕ್ಟರು ಪ್ರತಿ ವಾರ ಅದೇ ತಮಾಷೆ ಮಾಡುತ್ತಿದ್ದರು. ಗಂಡ ಪ್ರತಿ ವಾರ ನಗುತ್ತಿದ್ದ.

ಕಾರು ಸಿದ್ಧವಾದ ಮೇಲೆ ತಮಗೇ ಕೊಡಬೇಕೆಂದು ಡಾಕ್ಟರು ಮಾತು ತೆಗೆದುಕೊಂಡಿದ್ದರು. ವಯಸ್ಸಾದ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಸಮುದ್ರ ತೋರಿಸಬೇಕು, ಅಷ್ಟೇ ಆಸೆ ಎಂದಿದ್ದರು. ಅದನ್ನು ಕೇಳಿ ಅವಳ ಕರುಳು ಚುರ್ರೆಂದಿತ್ತು. ಮುದುಕಿಯ ಸೊಂಟಕ್ಕೆ ಆಸರೆಯಾಗಲಿ ಎಂದು, ಹಳೆಯ ಸೀಟಿನ ಒಳ್ಳೆಯ ತುಂಡು ತೊಗಲು ಉಳಿಸಿಕೊಂಡು ಒಂದು ದಿಂಬು ಹೊಲಿಯತೊಡಗಿದಳು. ಡಾಕ್ಟರು ಹೇಳಿದ ಬೆಲೆ ಬಂದರೆ ಹಾಕಿದ ದುಡ್ಡು ದುಪ್ಪಟ್ಟಾಗಿ, ಸೋರುವ ತಾರಸಿಯೂ ಸರಿಯಾಗುತ್ತಿತ್ತು.

ಮಾರಾಟಕ್ಕೆ ಒಂದು ದಿನ ಮುಂಚೆ, ಶನಿವಾರ, ಗಂಡನಿಗೆ ಸೊಂಟ ಹಿಡಿದುಕೊಂಡಿತು. ಹಾಸಿಗೆಯಿಂದಲೇ, ಕಾರಿನ ಧೂಳು ಒರೆಸಿಬಿಡು ಎಂದ. ಅವಳು ದಿಂಬು ಇಟ್ಟ ಹಾಗೂ ಆಯಿತೆಂದು ಶೆಡ್ಡಿಗೆ ಹೋದಳು. ಹೊರಮೈ ಕನ್ನಡಿಯ ಹಾಗಿತ್ತು. ಅವಳದು ಅಷ್ಟಕ್ಕೆ ತೃಪ್ತಿಯಾಗುವ ಕೈಯಲ್ಲ. ಬಾನೆಟ್ ಎತ್ತಿ ಒಳಗೂ ಒರೆಸಿದಳು. ನಂಬರಿನ ಪಕ್ಕದಲ್ಲಿ ಬಣ್ಣ ತೆಳುವಾಗಿ ಒಂದು ಕಲೆಯಂತೆ ಕಂಡಿತು. ಕಲೆ ಕಂಡರೆ ಅವಳು ಬಿಡುವವಳಲ್ಲ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಿದಳು, ಹೋಗಲಿಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರು ತಂದು ತಿಕ್ಕಿದಳು. ಬಣ್ಣ ಎದ್ದಿತು. ಅಡಿಯಿಂದ ಪುಡಿಪುಡಿಯಾಗಿ ಪುಟ್ಟಿ ಬಂತು. ಅದರಡಿಯಲ್ಲಿ ನಂಬರಿನ ಎರಡು ಮಗ್ಗುಲಿಗೂ ನೇರವಾದ ಬೆಸುಗೆಯ ಗೆರೆ.

ಅವಳಿಗೆ ಯಂತ್ರದ ವಿಷಯ ತಿಳಿಯದಿದ್ದರೂ ತೇಪೆ ಎಂದರೆ ತಿಳಿಯುತ್ತಿತ್ತು. ಯಾವುದೋ ಜಜ್ಜಿಹೋದ ಸ್ಪೋರ್ಟ್ಸ್ ಸಲೂನಿನಿಂದ ನಂಬರಿದ್ದಷ್ಟು ತಗಡನ್ನು ಚೌಕವಾಗಿ ಕತ್ತರಿಸಿ ತಂದು ಈ ಸಾದಾ ಕಾರಿಗೆ ಬೆಸೆದಿದ್ದರು. ಗಂಡ ಮೋಸ ಹೋಗಿದ್ದಾನೆ, ಪಾಪ, ಎಂದು ಎದೆ ಹಿಡಿದುಕೊಂಡು ನಿಂತವಳ ಕಣ್ಣು ಕೈಗೆ ಮೆತ್ತಿದ ಪುಡಿಯ ಮೇಲೆ ಬಿತ್ತು. ಅದು ವಸಡಿನ ಹಾಗೆ ಗುಲಾಬಿಯಾಗಿತ್ತು.

ಇಲಿಯ ಉಚ್ಚೆಗೂ ಅವಳು ಇಷ್ಟು ಹೇಸಿರಲಿಲ್ಲ. ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆದಳು. ಮೂರನೆಯ ಸಲವೂ ತೊಳೆದು ಒಳಗೆ ಹೋದಳು.

ಗಂಡ ಮೊದಲು ಗೊತ್ತೇ ಇಲ್ಲವೆಂದ. ಆಮೇಲೆ, ಗೊತ್ತಿದ್ದರೂ ಖಾತ್ರಿಯಿರಲಿಲ್ಲವೆಂದ. ಕೊನೆಗೆ ಗೋಡೆಯ ಕಡೆ ತಿರುಗಿ ಮಲಗಿ, ತೇಪೆ ಮೊದಲನೆಯ ವರ್ಷವೇ ಕಂಡಿತ್ತು, ಮಾರಿದವನು ಅಷ್ಟರಲ್ಲಿ ಊರು ಬಿಟ್ಟಿದ್ದ, ಹಾಕಿದ ದುಡ್ಡನ್ನು ನೆನೆದು ಪುಟ್ಟಿ ಮೆತ್ತಿ ಮುಚ್ಚಿಬಿಟ್ಟೆ ಎಂದು ಒಪ್ಪಿಕೊಂಡ.

"ನಂಗೂ ಯಾರೋ ಹೀಗೇ ದಾಟಿಸಿದ್ದು ತಾನೆ? ಬಂದ ಹಾಗೇ ಹೋಗ್ಲಿ ಬಿಡು. ಡಾಕ್ಟ್ರು ಖುಷಿಯಾಗಿ ಓಡಿಸ್ಕೊಂಡಿರ್ತಾರೆ."

"ರೀ, ನಾನು ಎಷ್ಟು ಜನಾನ ಕೆಲಸದಿಂದ ತೆಗೆದಿದೀನಿ, ಯಾಕೆ ಅಂತ ಗೊತ್ತಲ್ಲ ನಿಮಗೆ?"

ಅವನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ.

"ಇದು ಮಗುಚಿ ಹಾಸೋದು. ಅವರಮ್ಮನ್ನ ಅದರ ಮೇಲೆ ಕೂರಿಸ್ತಿದೀರಿ. ನಾನು ದಿಂಬು ಬೇರೆ ಹೊಲಿದುಕೊಟ್ಟಿದೀನಿ."

ಗಂಡ ಇತ್ತ ತಿರುಗಿ, ನಾಳೆ ಬೆಳಿಗ್ಗೆ ಎದ್ದು ಅದನ್ನು ಮುಚ್ಚುತ್ತೇನೆ, ನೀನು ಏನೂ ನೋಡಿಲ್ಲ ಅಂದುಕೋ ಎಂದ. ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮುಖ, ಸರಿಯಾಗಿ ಒಗೆಯದ ಬಟ್ಟೆಯ ಹಾಗೆ ಕಂಡಿತು. ಆ ಸಂಜೆ ಅವನಿಗೆ ಸೊಂಟಕ್ಕೆ ಎಣ್ಣೆ ತಿಕ್ಕಲು ಹೋದವಳು ಬಾಟಲಿಯನ್ನು ಪಕ್ಕದಲ್ಲಿಟ್ಟು ಬಂದಳು. ಮುಟ್ಟಲು ಮನಸ್ಸಾಗಲಿಲ್ಲ. ದುಡ್ಡು ಹೋದರೆ ಹೋಗಲಿ, ಈ ಮನುಷ್ಯನನ್ನು ಇನ್ನು ಮೇಲೆ ಮುಟ್ಟಲಾಗದೆ ಹೋದರೆ ಏನು ಮಾಡಲಿ ಎನ್ನುವುದೇ ಅವಳ ಭಯವಾಗಿತ್ತು.

ಭಾನುವಾರ ಗಂಡ ಸೊಂಟ ಹಿಡಿದುಕೊಂಡು ಪುಟ್ಟಿಯ ಡಬ್ಬದೊಂದಿಗೆ ಶೆಡ್ಡಿಗೆ ಬಂದಾಗ ಅವಳು ಆಗಲೇ ಅಲ್ಲಿದ್ದಳು. ನಂಬರಿನ ಸುತ್ತ ನಾಲ್ಕೂ ಮಗ್ಗುಲು ಕೆರೆದು, ಒರೆಸಿ, ಬೆಸುಗೆಯ ಚೌಕವನ್ನು ಹೊಳೆಯುವ ಹಾಗೆ ಮಾಡಿಟ್ಟಿದ್ದಳು. ಪಕ್ಕದಲ್ಲಿ ದೀಪ ಬೇರೆ ಹಚ್ಚಿಟ್ಟಿದ್ದಳು. ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಡಬ್ಬವನ್ನು ಚಕ್ರದ ಹಿಂದೆ ತಳ್ಳಿ ನಿಂತ.

ಡಾಕ್ಟರು ಬಂದರು, ಅಕ್ಕ ಎಂದರು, ಭಾವ ಎಂದರು, ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಹುಳುಕು ಹಲ್ಲು ನೋಡುವ ಹಾಗೆ ಬೆಸುಗೆಯ ಗೆರೆಯ ಮೇಲೆ ಉಗುರು ಎಳೆದರು. ಗಂಡ ಬೆವರುತ್ತಿದ್ದ. ಈಗ ಈ ಮನುಷ್ಯ ಕೂಗಾಡುತ್ತಾನೆ, ಕೂಗಾಡಲಿ, ನಮಗೆ ಆಗಬೇಕಾದದ್ದೇ ಎಂದು ಅವಳು ಕೈಕಟ್ಟಿ ನಿಂತಳು.

ಡಾಕ್ಟರು ಕೂಗಾಡಲಿಲ್ಲ. "ಒಳ್ಳೇ ಕೆಲಸ. ಯಾವನೋ ಚೆನ್ನಾಗಿ ಕ್ಯಾಪ್ ಕೂರಿಸಿದಾನೆ," ಎಂದರು. ಬಣ್ಣದ ಡಬ್ಬ ಎಳೆದುಕೊಂಡು ಕೂತು, ಕಾಲ ಮೇಲೆ ಕಾಲು ಹಾಕಿ, ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿಕೊಳ್ಳೋಣ, ಭಾವ ತಮ್ಮ ವಸಡಿನ ಪುಟ್ಟಿ ಮೆತ್ತಿ ಇದನ್ನು ಮುಚ್ಚಿಬಿಡಲಿ ಎಂದರು. ಪರದೇಶದಲ್ಲಿ ಇದಕ್ಕಾಗಿ ಕಾಯುತ್ತಿರುವ ಗಿರಾಕಿಯೊಬ್ಬ ಮೊದಲಿನಿಂದಲೂ ಇದ್ದಾನಂತೆ. ಅವನು ಖುದ್ದಾಗಿ ಬರುವವನಲ್ಲ, ಫೋಟೋ ನೋಡಿಯೇ ದುಡ್ಡು ಕಳಿಸುವವನು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಮತ್ತೆ ನಿಮ್ಮಮ್ಮ? ಸಮುದ್ರ?"

"ಅಮ್ಮ ಹೋಗಿ ಆರು ವರ್ಷ ಆಯ್ತಲ್ಲಕ್ಕ," ಎಂದರು ಡಾಕ್ಟರು, ಹೊತ್ತೆಷ್ಟಾಯಿತು ಎಂದು ಹೇಳುವ ದನಿಯಲ್ಲಿ. "ವ್ಯಾಪಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಹೋಗುತ್ತೆ. ಅಮ್ಮ ಅಂದ್ರೆ ಜನ ಬೆಲೆ ಏರಿಸಲ್ಲ." ಹೇಳುತ್ತ ಮುಂದಿನ ಸೀಟಿನಿಂದ ದಿಂಬನ್ನು ಎತ್ತಿ, ಹೊಲಿಗೆ ನೋಡಿ, ಇದನ್ನೂ ಮೂಲದ್ದೇ ಅಂತ ಹೇಳಬಹುದು ಎಂದರು.

ಅವಳು ಗಂಡನ ಕಡೆ ನೋಡಿದಳು. ನಾಲ್ಕು ವರ್ಷ ಇಲಿಯ ಸಂಸಾರದ ಮೇಲೆ ಕೂತು ನಕ್ಕವನು, ಕೊಳೆತ ಮೆತ್ತೆಯನ್ನು ಬರಿಗೈಯಲ್ಲಿ ಬಗೆದು ಅದೇ ಕೈಯಲ್ಲಿ ಬ್ರೆಡ್ಡು ತಿಂದವನು ಈಗ ಮೂಗಿನ ಹೊಳ್ಳೆ ಅರಳಿಸಿ, ತುಟಿ ಬಿಗಿಹಿಡಿದು ಒಂದು ಹೆಜ್ಜೆ ಹಿಂದೆ ಸರಿದಿದ್ದ. ಕಾರು ಬಂದ ದಿನ ಅವಳು ಸರಿದ ಹಾಗೆ. ನಿನ್ನೆ ತಾನು ಗೋಡೆಗೆ ಮುಖ ಮಾಡಿ ಆಡಿದ ಮಾತೇ ಇನ್ನೊಬ್ಬನ ಬಾಯಲ್ಲಿ, ಹೊಳೆಯುವ ಹಲ್ಲುಗಳ ನಡುವಿನಿಂದ ಬರುತ್ತಿರುವುದನ್ನು ಅವನು ಕೇಳುತ್ತಿದ್ದ.

"ದಿಂಬು ಕೆಳಗಿಡಿ, ಡಾಕ್ಟ್ರೇ," ಎಂದ.

"ಭಾವ, ಒಂದ್ಸಲ ಯೋಚನೆ ಮಾಡಿ..."

"ಕಾರು ಮಾರಲ್ಲ. ಮಗುಚಿ ಹಾಸೋ ಪದ್ಧತಿ ನಮ್ಮನೇಲಿಲ್ಲ."

ಮಗುಚುವುದೆಂದರೆ ಏನೆಂದು ಡಾಕ್ಟರಿಗೆ ತಿಳಿಯಲಿಲ್ಲ. ಇನ್ನೂ ಸ್ವಲ್ಪ ಬೆಲೆ ಏರಿಸಿ ನೋಡಿದರು. ಆಮೇಲೆ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಗೊಣಗಿಕೊಂಡು ಹೋದರು. ಅವರು ಕೂತಿದ್ದ ಬಣ್ಣದ ಡಬ್ಬವನ್ನು ಅವಳು ನಲ್ಲಿಯಡಿಗೆ ಒಯ್ದು ತೊಳೆದಳು. ಗಂಡ ಚಕ್ರದ ಹಿಂದಿನ ಪುಟ್ಟಿಯ ಡಬ್ಬ ಎತ್ತಿಕೊಂಡು ಬಂದು ಅವಳ ಮುಂದೆಯೇ ಕಸಕ್ಕೆ ಹಾಕಿದ. ಬಗ್ಗಿದ್ದಕ್ಕೆ ಸೊಂಟ ಮತ್ತೆ ಹಿಡಿಯಿತು. "ಅಯ್ಯೋ, ಬಂದೆ ಇರಿ," ಎಂದು ಅವಳು ಎಣ್ಣೆಯ ಬಾಟಲಿ ತರಲು ಒಳಗೆ ಹೋದಳು.

ಕಾರು ಈಗಲೂ ಶೆಡ್ಡಿನಲ್ಲಿದೆ. ಚೆನ್ನಾಗಿ ಓಡುತ್ತದೆ. ತೇಪೆಗೆ ತುಕ್ಕು ಹಿಡಿಯದಿರಲಿ ಎಂದು ಬಣ್ಣವಿಲ್ಲದ ವಾರ್ನಿಷ್ ಬಳಿದಿದ್ದಾರೆ. ಬಾನೆಟ್ ಎತ್ತಿದವರಿಗೆಲ್ಲ ಅದು ಕಾಣುತ್ತದೆ, ಕೇಳಿದವರಿಗೆ ಗಂಡ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಕೇಳಿದವರು ಅಲ್ಲಿಗೆ ಬೆಲೆಯ ಮಾತು ನಿಲ್ಲಿಸುತ್ತಾರೆ. ಬಿಸಿಲು ಜೋರಾದ ದಿನ ಸೀಟಿನ ಅಡಿಯಿಂದ ಇಲಿಯ ವಾಸನೆ ಇನ್ನೂ ಏಳುತ್ತದೆ. ಆಗ ಇಬ್ಬರೂ ಒಟ್ಟಿಗೆ ಮೂಗು ಮುಚ್ಚಿ ಕಿಟಕಿ ಇಳಿಸುತ್ತಾರೆ. ಸಮುದ್ರವನ್ನೂ ಒಮ್ಮೆ ನೋಡಿಬಂದರು. ದಿಂಬು ಅವಳ ಸೊಂಟಕ್ಕೇ ಆಯಿತು.

ಹಾಕಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಹೋಯಿತು. ಓವನ್ ಹೋಯಿತು. ತಾರಸಿ ಈಗಲೂ ಸೋರುತ್ತದೆ. ಉಳಿದದ್ದು ಒಂದು ಸಾದಾ ಕಾರು, ಮತ್ತೆ ಮುಟ್ಟಬಹುದಾದ ಗಂಡ.